ಪೆಡಲ್ ಒತ್ತಿದಾಗ ‘ಟಪ್’ ಎನ್ನದಿರಲು: ಕರಾವಳಿಯ ತೇವಕ್ಕೂ ತಡೆಯುವ ಬೈಪಾಸ್

ಗಿಟಾರ್ ಎಫೆಕ್ಟ್ ಪೆಡಲ್‌ನ ಫುಟ್‌ಸ್ವಿಚ್ (ಎಫೆಕ್ಟ್ ಸೇರಿಸುವ, ಇಲ್ಲವೇ ಅದನ್ನು ಬಿಟ್ಟು ಸಿಗ್ನಲ್ ನೇರ ಕಳಿಸುವ, ಅಂದರೆ ಬೈಪಾಸ್ ಮಾಡುವ, ಕಾಲಿನ ಸ್ವಿಚ್) ಒತ್ತಿದೊಡನೆ ಆಂಪ್‌ನಲ್ಲಿ ಕೇಳುವ ‘ಟಪ್’ ಸದ್ದಿಗೆ ಹೆಚ್ಚಿನ ಸಲ ಕಾರಣ ಸ್ವಿಚ್ ಅಲ್ಲ, ದಾರಿ ತಪ್ಪಿ ನಿಂತ ಡಿಸಿ ವೋಲ್ಟೇಜ್. ಹೊಸ ಸ್ವಿಚ್ ಕೊಳ್ಳುವ ಮೊದಲು ಪೆಡಲ್ ಒಳಗಿನ ಸರ್ಕ್ಯೂಟ್ ಬೋರ್ಡ್‌ನ ಇನ್ ಮತ್ತು ಔಟ್ ವೈರ್‌ಗಳನ್ನು ಸ್ವಿಚ್‌ನಿಂದ ಬಿಡಿಸಿ, 9 ವೋಲ್ಟ್ ಕೊಟ್ಟು, ಎರಡನ್ನೂ ಗ್ರೌಂಡ್‌ಗೆ ಹೋಲಿಸಿ ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಎರಡು-ಮೂರು ಮಿಲಿವೋಲ್ಟ್ ದಾಟಿದರೆ ಕಳ್ಳ ಅಲ್ಲೇ ಇದ್ದಾನೆ.

ಕಪ್ಲಿಂಗ್ ಕೆಪಾಸಿಟರ್‌ನ (ಡಿಸಿ ತಡೆದು ಸಿಗ್ನಲ್ ಮಾತ್ರ ಬಿಡುವ ಭಾಗ) ಹೊರತುದಿ ಗಾಳಿಯಲ್ಲಿ ತೂಗುತ್ತಿದ್ದರೆ ಅದು ಸೋರಿಕೆಯಿಂದ ಚಾರ್ಜ್ ಆಗುತ್ತದೆ. ಸ್ವಿಚ್ ತಾಗಿದ ಕ್ಷಣ ಒಮ್ಮೆಲೇ ಖಾಲಿಯಾಗುತ್ತದೆ. ಇನ್‌ಪುಟ್ ಹೊರತುದಿಯಿಂದ ಗ್ರೌಂಡ್‌ಗೆ 1 ಮೆಗಓಮ್, ಔಟ್‌ಪುಟ್‌ನಲ್ಲಿ 100 ಕಿಲೋಓಮ್ ರೆಸಿಸ್ಟರ್ ಹಾಕಿ. ಔಟ್‌ಪುಟ್‌ಗೂ 1 ಮೆಗಓಮ್ ಹಾಕಿದರೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಖಾಲಿಯಾಗಲು ಕೆಲವು ಸೆಕೆಂಡು ಬೇಕು. ಇಲೆಕ್ಟ್ರೋಲಿಟಿಕ್ ಬಗೆಯ ಕೆಪಾಸಿಟರ್ ಹೆಚ್ಚು ಸೋರುತ್ತದೆ. ಆದಷ್ಟು ಫಿಲ್ಮ್ ಬಗೆಯದನ್ನೇ ಬಳಸಿ.

ಕಾರವಾರ, ಅಂಕೋಲಾ, ಗೋಕರ್ಣದ ಕಡೆ ಇಷ್ಟೇ ಸಾಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೋರ್ಡ್ ಮೇಲೆ ಉಳಿದ ಫ್ಲಕ್ಸ್ (ಬೆಸುಗೆ ಹಿಡಿಯಲು ಬಳಸುವ ಅಂಟು) ಉಪ್ಪುಗಾಳಿಯ ತೇವ ಹೀರಿ ತಾನೇ ರೆಸಿಸ್ಟರ್ ಆಗುತ್ತದೆ. 9 ವೋಲ್ಟ್ ಟ್ರ್ಯಾಕ್‌ನಿಂದ (ಬೋರ್ಡ್ ಮೇಲಿನ ತಾಮ್ರದ ಗೆರೆ) ಇನ್‌ಪುಟ್ ಪ್ಯಾಡ್‌ಗೆ 100 ಮೆಗಓಮ್ ಸೋರಿಕೆಯಾದರೂ 1 ಮೆಗಓಮ್ ಮೇಲೆ ಸುಮಾರು 90 ಮಿಲಿವೋಲ್ಟ್ ನಿಲ್ಲುತ್ತದೆ. ಬೇಸಿಗೆಯಲ್ಲಿ ಮೌನವಾಗಿದ್ದ ಪೆಡಲ್ ಮಳೆಗಾಲದಲ್ಲಿ ಟಪ್ ಎನ್ನುವುದು ಇದರಿಂದಲೇ. ಶಿರಸಿಯಲ್ಲಿ ಉಪ್ಪಿಲ್ಲ, ತೇವಕ್ಕೇನೂ ಕೊರತೆಯಿಲ್ಲ.

ಬೆಸುಗೆ ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್‌ನಿಂದ ಉಜ್ಜಿ, ಒಣಗುವ ಮೊದಲೇ ಬಟ್ಟೆಯಲ್ಲಿ ಒರೆಸಿ. ಹಾಗೇ ಬಿಟ್ಟರೆ ಫ್ಲಕ್ಸ್ ತೆಳ್ಳಗೆ ಹರಡಿ ಅಲ್ಲೇ ಕೂರುತ್ತದೆ. ಸಿಲಿಕಾ ಜೆಲ್ ಇಟ್ಟ ಬಿಗಿ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು, ಆಮೇಲೆ ಅಕ್ರಿಲಿಕ್ ಕೋಟಿಂಗ್ ಹೊಡೆಯಿರಿ. ಒದ್ದೆ ಬೋರ್ಡ್‌ಗೆ ಹೊಡೆದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಸ್ವಿಚ್, ಪಾಟ್ (ತಿರುಗಿಸುವ ನಾಬ್‌ನ ಭಾಗ), ಜ್ಯಾಕ್‌ಗಳಿಗೆ ಮೊದಲೇ ಟೇಪ್ ಸುತ್ತಿ. ಬೋರ್ಡ್‌ನ ವಿನ್ಯಾಸ ನೀವೇ ಮಾಡುವವರಾದರೆ 9 ವೋಲ್ಟ್ ಮತ್ತು ಇನ್‌ಪುಟ್ ಟ್ರ್ಯಾಕ್ ನಡುವೆ ಒಂದು ಗ್ರೌಂಡ್ ಟ್ರ್ಯಾಕ್ ಎಳೆಯಿರಿ.

3ಪಿಡಿಟಿ (ಮೂರು ಸಂಪರ್ಕಗಳನ್ನು ಒಟ್ಟಿಗೆ ಬದಲಿಸುವ ಫುಟ್‌ಸ್ವಿಚ್) ವೈರಿಂಗ್‌ನಲ್ಲಿ ಬೈಪಾಸ್ ಆದಾಗ ಬೋರ್ಡ್‌ನ ಇನ್‌ಪುಟ್ ಗ್ರೌಂಡ್‌ಗೆ ಸೇರುವಂತಿರಲಿ. ಪ್ಯಾಡ್ ಸೊನ್ನೆಯಲ್ಲೇ ಇರುತ್ತದೆ, ಹೈ ಗೇನ್ (ಸಿಗ್ನಲ್ ಅನ್ನು ತುಂಬಾ ಹಿಗ್ಗಿಸುವ) ಸರ್ಕ್ಯೂಟ್ ಕೂಗುವುದೂ ತಪ್ಪುತ್ತದೆ.

ಇಷ್ಟಾದರೂ ಸದ್ದು ಬಂದರೆ ಎಲ್‌ಇಡಿ ನೋಡಿ. ಅದು ಹೊತ್ತಿದಾಗ ಸಪ್ಲೈ ಜಗ್ಗುತ್ತದೆ. ಒಂದು ರೆಸಿಸ್ಟರ್ ಬದಲು 2.2 ಕಿಲೋಓಮ್‌ನ ಎರಡನ್ನು ಸಾಲಾಗಿ ಹಾಕಿ, ನಡುವಿನಿಂದ ಗ್ರೌಂಡ್‌ಗೆ 47 ಮೈಕ್ರೋಫ್ಯಾರಡ್ ಕೊಡಿ. ಎಲ್‌ಇಡಿಯ ಗ್ರೌಂಡ್ ವೈರ್ ನೇರ ಡಿಸಿ ಜ್ಯಾಕ್‌ಗೆ ಹೋಗಲಿ, ಆಡಿಯೋ ಗ್ರೌಂಡ್ ಜೊತೆ ಸೇರಿಸಬೇಡಿ.

ಉಪ್ಪುಗಾಳಿಯಲ್ಲಿ ಫುಟ್‌ಸ್ವಿಚ್‌ನ ತೆರೆದ ಬೆಳ್ಳಿ ಕಾಂಟ್ಯಾಕ್ಟ್‌ಗಳು ಬೇಗ ಕಪ್ಪಾಗುವುದರಿಂದ ಸಿಗ್ನಲ್ ಬದಲಿಸಲು ಸೀಲ್ ಆದ 5 ವೋಲ್ಟ್ ಸಿಗ್ನಲ್ ರಿಲೇಯೇ (ಕರೆಂಟ್‌ನಿಂದ ತಿರುಗುವ ಸ್ವಿಚ್) ನಮ್ಮ ಆಯ್ಕೆ. ಕಾಯಿಲ್‌ಗೆ ಅಡ್ಡ 1ಎನ್4148 ಡಯೋಡ್ ಇರಲಿ. ನಡೆಸಲು ಒಂದು ಎಟಿಟೈನಿ ಚಿಪ್ (ಪುಟ್ಟ ಮೈಕ್ರೋಕಂಟ್ರೋಲರ್) ಸಾಕು: ಮೊದಲು ಟಿಎಲ್‌ಪಿ222ಎ (ಬೆಳಕಿನಿಂದ ನಡೆಯುವ ಸ್ವಿಚ್ ಚಿಪ್) ಮೂಲಕ ಔಟ್‌ಪುಟ್ ಅನ್ನು ಗ್ರೌಂಡ್ ಮಾಡಿ, 5 ಮಿಲಿಸೆಕೆಂಡ್ ಬಿಟ್ಟು ರಿಲೇ ತಿರುಗಿಸಿ, ಇನ್ನೂ 15 ಮಿಲಿಸೆಕೆಂಡ್ ಕಾದು ಆ ಗ್ರೌಂಡ್ ಬಿಡಿಸಬೇಕು. ಎಫೆಕ್ಟ್‌ನ ಔಟ್‌ಪುಟ್‌ಗೆ ಸಾಲಾಗಿ 1 ಕಿಲೋಓಮ್ ಮರೆಯಬೇಡಿ. ಇಲ್ಲದಿದ್ದರೆ ಪ್ರತಿ ಸಲ ಒತ್ತಿದಾಗಲೂ ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್) ತನ್ನ ಸಿಗ್ನಲ್ ಅನ್ನು ನೇರ ಶಾರ್ಟ್‌ಗೆ ತಳ್ಳುತ್ತಿರುತ್ತದೆ.