ಕಯಾಕ್ ಕಾರಿನ ಮೇಲೆ, ಶೂ ಡಿಕ್ಕಿಯಲ್ಲಿ: ವರ್ಷಗಟ್ಟಲೆ ನಡೆಯುವ ಸಾಹಸಕ್ಕೆ ಡ್ರೈವಿಂಗ್ ತಯಾರಿ ಹೀಗಿರಲಿ

ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿದ ಮೇಲೆ ತುಂಗಭದ್ರೆ ಕೃಷ್ಣೆಯವರೆಗೆ 531 ಕಿ.ಮೀ. ಹರಿಯುತ್ತಾಳೆ. ಅಷ್ಟು ದೂರವನ್ನೂ ಒಂದಿಷ್ಟು ಕಯಾಕ್‌ನಲ್ಲಿ (ಹುಟ್ಟು ಹಾಕಿ ಸಾಗುವ ಸಣ್ಣ ದೋಣಿ), ಒಂದಿಷ್ಟು ದಡದ ಊರುಗಳ ದಾರಿಯಲ್ಲಿ ಓಡಿ ಮುಗಿಸಬೇಕು ಎಂದು ಹೊರಟರೆ ಅದು ಒಂದು ರಜೆಯಲ್ಲಿ ಆಗುವ ಮಾತಲ್ಲ. ನೌಕರಿ, ಮನೆ, ಮಕ್ಕಳ ಪರೀಕ್ಷೆ ಎಲ್ಲ ನೋಡಿಕೊಂಡು, ಶನಿವಾರ ಭಾನುವಾರ ಜೋಡಿಸಿಕೊಂಡು ತುಂಡು ತುಂಡಾಗಿ ಮಾಡಬೇಕು. ಮೂರ್ನಾಲ್ಕು ವರ್ಷವಾದರೂ ಹಿಡಿಯುತ್ತದೆ. ಅಷ್ಟರಲ್ಲಿ ಹುಟ್ಟು ಹಿಡಿದ ಹೊತ್ತಿಗಿಂತ ಸ್ಟೇರಿಂಗ್ ಹಿಡಿದ ಹೊತ್ತೇ ಜಾಸ್ತಿಯಾಗಿರುತ್ತದೆ. ಆದ್ದರಿಂದ ಡ್ರೈವಿಂಗನ್ನೂ ಸಾಹಸದ ಒಂದು ಭಾಗವೆಂದೇ ತಿಳಿದು ತಯಾರಿ ಮಾಡಿ. ಅದರಲ್ಲೂ ಹೋಗುವ ದಾರಿಗಿಂತ ವಾಪಸ್ ಬರುವ ದಾರಿಯ ಬಗ್ಗೆ ಮೊದಲು ಯೋಚಿಸಿ.

ಮೊದಲು ಕ್ಯಾಲೆಂಡರ್, ಆಮೇಲೆ ಮ್ಯಾಪ್

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆಗೆ ಇಳಿಯುವ ಮಾತೇ ಬೇಡ. ಕೆಂಪು ನೀರು ತುಂಬಿ ಹರಿಯುವಾಗ ಮರದ ದಿಮ್ಮಿಗಳೂ ತೇಲಿ ಬರುತ್ತವೆ. ಆ ನಾಲ್ಕು ತಿಂಗಳು ಊರಲ್ಲೇ ಓಡಿ. ದಾವಣಗೆರೆಯವರಿಗೆ ಕುಂದುವಾಡ ಕೆರೆಯ ಏರಿ ಇದೆ, ದುರ್ಗದವರಿಗೆ ಏರು ದಾರಿಗೇನೂ ಬರವಿಲ್ಲ. ನದಿಗೆ ಅಕ್ಟೋಬರ್‌ನಿಂದ ಜನವರಿ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಹೊಳೆಯಲ್ಲಿ ಮರಳು, ಬಂಡೆಯೇ ಕಾಣುವುದರಿಂದ ಆಗ ಹೊನ್ನಾವರದ ಶರಾವತಿ ಹಿನ್ನೀರಿನ ಕಡೆಗೋ ದಾಂಡೇಲಿಯ ಕಾಳಿ ಕಡೆಗೋ ಹೋಗಬಹುದು.

ಮೊದಲ ವರ್ಷ ಹತ್ತಿರದ್ದನ್ನೇ ಹಿಡಿಯಿರಿ. ದಾವಣಗೆರೆಯಿಂದ ಹರಿಹರ ಬರೀ 14 ಕಿ.ಮೀ. ಹೊನ್ನಾಳಿಯೂ ದೂರವಿಲ್ಲ. ಹೊಸಪೇಟೆ ಕಡೆಯ ತುಂಡುಗಳನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಚಿತ್ರದುರ್ಗದಿಂದ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹೋದರೆ ಅಲ್ಲಿಗೆ ಸುಮಾರು 135 ಕಿ.ಮೀ. ಒಂದು ಕಡೆಯ ಪ್ರಯಾಣ ಮೂರು ಗಂಟೆ ದಾಟಿದರೆ ಅಲ್ಲೇ ರಾತ್ರಿ ಉಳಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಲಾಡ್ಜ್ ಬಾಡಿಗೆ ಉಳಿಸಲು ಹೋಗಿ ನಿದ್ದೆಗೆಡಬೇಡಿ.

ಜಲಾಶಯ, ಬ್ಯಾರೇಜ್‌ಗಳ ಹತ್ತಿರ ಇಳಿಯುವ ಮೊದಲು ನೀರಾವರಿ ಇಲಾಖೆಯ ಅನುಮತಿ ಕೇಳಿ. ಮುದ್ಲಾಪುರದಿಂದ ಕಂಪ್ಲಿವರೆಗಿನ ನದಿ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ, ಮೊಸಳೆಗಳೂ ಇವೆ. ಅಲ್ಲಿ ಅರಣ್ಯ ಇಲಾಖೆಯವರನ್ನು ಕೇಳದೆ ನೀರಿಗೆ ಇಳಿಯಬೇಡಿ. ಅವರು ಬೇಡ ಎಂದರೆ ಆ ತುಂಡನ್ನು ರಸ್ತೆಯಲ್ಲಿ ಓಡಿ ಮುಗಿಸಿ.

ಕಾರು ಕೆಳಗೆ, ಓಟ ಮೇಲಕ್ಕೆ

ನೀರಿನ ಜೊತೆ ಹತ್ತು ಹದಿನೈದು ಕಿ.ಮೀ. ಕೆಳಗೆ ಬಂದಿರಿ, ಆದರೆ ಕಾರು ಹೊರಟ ಜಾಗದಲ್ಲೇ ಇದೆ. ಈಗೇನು ಮಾಡೋದು? ಓಟ ಇಲ್ಲೇ ಕೆಲಸಕ್ಕೆ ಬರುತ್ತದೆ. ಬೆಳಗಿನ ಜಾವ ಮೊದಲು ಮೇಲಿನ ದಡಕ್ಕೆ ಹೋಗಿ ಕಯಾಕ್ ಇಳಿಸಿ. ಜೊತೆಗಾರರನ್ನು ಅಲ್ಲೇ ಕಾವಲಿಗೆ ಬಿಡಿ, ಇಲ್ಲವೇ ಪರಿಚಯದ ಮೀನುಗಾರರ ಮನೆ ಹತ್ತಿರ ಇಟ್ಟು ಹೇಳಿ ಬನ್ನಿ. ಕಾರನ್ನು ಕೆಳಗಿನ ದಡಕ್ಕೆ ಒಯ್ದು ನಿಲ್ಲಿಸಿ. ಅಲ್ಲಿಂದ ತಂಪು ಹೊತ್ತಿನಲ್ಲೇ ಮೇಲಕ್ಕೆ ಓಡಿ, ಆಮೇಲೆ ನೀರಿಗಿಳಿದು ಕಾರಿನ ಹತ್ತಿರಕ್ಕೇ ಬನ್ನಿ.

ಇದನ್ನು ತಿರುವುಮುರುವು ಮಾಡುವವರಿದ್ದಾರೆ. ಅದು ಬೇಡ. ಓಟ ಕೊನೆಗೆ ಬಂದರೆ ಬಿಸಿಲಲ್ಲಿ ಓಡಿ, ಬೆವರು ಆರುವ ಮೊದಲೇ ಕ್ಲಚ್ ತುಳಿಯಬೇಕಾಗುತ್ತದೆ. ಮೀನಖಂಡ ಹಿಡಿದುಕೊಳ್ಳುವುದು ಆಗಲೇ. ಬ್ರೇಕ್ ಮೇಲಿರುವ ಬಲಗಾಲು ಎಂಬತ್ತು ಕಿ.ಮೀ. ವೇಗದಲ್ಲಿ ಸೆಟೆದುಕೊಂಡರೆ ಏನಾಗಬಹುದು, ನೀವೇ ಯೋಚಿಸಿ. ಓಟ ಮೊದಲು ಮುಗಿದರೆ ಹುಟ್ಟು ಹಾಕುವಷ್ಟು ಹೊತ್ತೂ ಕಾಲಿಗೆ ವಿಶ್ರಾಂತಿ. ದಡ ಸೇರಿದಾಗ ಒಣ ಬಟ್ಟೆ, ಊಟ, ನೀರು ಎಲ್ಲ ಕಾರಿನಲ್ಲೇ ಇರುತ್ತವೆ.

ಕಟ್ಟುವ ಕೆಲಸಕ್ಕೆ ಅವಸರ ಬೇಡ

ಕಾರಿನ ಛಾವಣಿ ಎಷ್ಟು ಭಾರ ತಡೆಯುತ್ತದೆ ಎಂಬುದು ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತದೆ. ರ‍್ಯಾಕ್ ತೂಕವನ್ನೂ ಸೇರಿಸಿ ಲೆಕ್ಕ ಹಾಕಿ. ಕಯಾಕ್ ಬೋರಲಾಗಿ, ಮೂತಿ ಮುಂದಕ್ಕಿರುವಂತೆ, ರ‍್ಯಾಕ್‌ನ ಎರಡು ಅಡ್ಡಪಟ್ಟಿಗಳ ಮೇಲೆ ಸರಿಯಾಗಿ ನಡುಮಧ್ಯೆ ಕೂರಬೇಕು. ಬಕಲ್ ಇರುವ ಅಗಲವಾದ ಪಟ್ಟಿಯನ್ನು ಕಯಾಕ್ ಮೇಲಿಂದ ಆ ಕಡೆಗೆ ಹಾಕಿ, ರ‍್ಯಾಕ್‌ನ ಕೆಳಗಿಂದ ತಂದು ಮತ್ತೆ ಮೇಲಿಂದ ಈ ಕಡೆಗೆ ಎಳೆಯಿರಿ. ಬಕಲ್‌ನ ಕಬ್ಬಿಣ ಕಯಾಕ್‌ಗಾಗಲಿ ಗಾಜಿಗಾಗಲಿ ಬಡಿಯಬಾರದು. ಪಟ್ಟಿಗೆ ಒಂದು ತಿರುಚು ಕೊಡಿ, ಗಾಳಿಗೆ ಗುಂಯ್‌ಗುಡುವುದು ನಿಲ್ಲುತ್ತದೆ. ಕೈಯಿಂದ ಬಿಗಿದರೆ ಸಾಕು. ರ‍್ಯಾಚೆಟ್ (ಸನ್ನೆ ಹಿಡಿಯಿಂದ ಪಟ್ಟಿ ಬಿಗಿಸುವ ಸಾಧನ) ಹಾಕಿ ಬಿಗಿದರೆ ಪ್ಲಾಸ್ಟಿಕ್ ಕಯಾಕ್ ನಮ್ಮ ಬಿಸಿಲಿಗೆ ಮೆತ್ತಗಾಗಿ ತಗ್ಗು ಬೀಳುತ್ತದೆ.

ಆಮೇಲೆ ಮೂತಿಯಿಂದ ಬಾನೆಟ್ ಕಡೆಗೆ ಒಂದು ಹಗ್ಗ, ಬಾಲದಿಂದ ಹಿಂದಿನ ಹುಕ್‌ಗೆ ಇನ್ನೊಂದು. ಈಗ ಕಯಾಕ್ ಹಿಡಿದು ಜೋರಾಗಿ ಅಲ್ಲಾಡಿಸಿ. ಇಡೀ ಕಾರು ಅಲ್ಲಾಡಬೇಕು, ಕಯಾಕ್ ಒಂದೇ ಅಲ್ಲಾಡಿದರೆ ಬಿಚ್ಚಿ ಮತ್ತೆ ಕಟ್ಟಿ. ಹೊರಟ ಮೇಲೆ ಇಪ್ಪತ್ತು ಕಿ.ಮೀ.ಗೆ ಒಮ್ಮೆ ನಿಲ್ಲಿಸಿ ನೋಡಿ, ಪಟ್ಟಿ ಸಡಿಲವಾಗಿರಬಹುದು. ಮಿತಿ ಮೀರಿ ಹೊರಗೆ ಚಾಚಿದ ಸಾಮಾನಿಗೆ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂಪಾಯಿ ದಂಡವಿದೆ. ಕಾರಿಗೆ ತಕ್ಕ ಉದ್ದದ ಕಯಾಕ್ ಆರಿಸಿ, ಬಾಲಕ್ಕೆ ಕೆಂಪು ಬಟ್ಟೆ ಕಟ್ಟಿ. ಇಷ್ಟೆಲ್ಲ ಯಾಕೆ ಅನ್ನುವವರು ಗಾಳಿ ತುಂಬುವ ಕಯಾಕ್ ಕೊಳ್ಳಲಿ. ಡಿಕ್ಕಿಯಲ್ಲೇ ಹಿಡಿಯುತ್ತದೆ, ಸಮಾಧಾನದ ನೀರಿಗೆ ಅದು ಚೆನ್ನಾಗಿಯೇ ಇದೆ.

ಚಿತ್ರದುರ್ಗದ ಸುತ್ತ ಗುಡ್ಡದ ಮೇಲೆ ವಿಂಡ್‌ಮಿಲ್ ಯಾಕೆ ನಿಲ್ಲಿಸಿದ್ದಾರೆ ಎಂಬುದು ಛಾವಣಿಯ ಮೇಲೆ ಕಯಾಕ್ ಇದ್ದಾಗ ಚೆನ್ನಾಗಿ ಅರ್ಥವಾಗುತ್ತದೆ. ಹೆದ್ದಾರಿ 48ರಲ್ಲಿ ಕಂಟೇನರ್ ಲಾರಿ ದಾಟುತ್ತಿದ್ದಂತೆ ಅಡ್ಡಗಾಳಿ ಒಮ್ಮೆಲೇ ಕಾರನ್ನು ತಳ್ಳುತ್ತದೆ. ಎರಡೂ ಕೈ ಸ್ಟೇರಿಂಗ್ ಮೇಲಿರಲಿ, ಎಂಬತ್ತು ದಾಟಬೇಡಿ.

ವಾಪಸ್ ಬರುವ ದಾರಿ

ನೀರಿನಿಂದ ಬಂದ ತಕ್ಷಣ ಕಾರು ಹತ್ತಬೇಡಿ. ಒಣ ಬಟ್ಟೆ ಹಾಕಿ, ಉಪ್ಪು ಹಾಕಿದ ಮಜ್ಜಿಗೆ ಕುಡಿದು, ಒಗ್ಗರಣೆ ಮಂಡಕ್ಕಿ, ಬಾಳೆಹಣ್ಣು ತಿಂದು ಅರ್ಧ ಗಂಟೆ ಕೂರಿ. ಬೆಣ್ಣೆ ದೋಸೆಯನ್ನು ಊರು ಮುಟ್ಟಿದ ಮೇಲೆ ತಿನ್ನಿ. ಹೊಟ್ಟೆ ಭಾರವಾದರೆ ಮಧ್ಯಾಹ್ನದ ಡ್ರೈವಿಂಗ್‌ನಲ್ಲಿ ಕಣ್ಣು ಎಳೆಯುತ್ತದೆ.

ತೂಕಡಿಕೆಗೆ ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಮದ್ದಲ್ಲ. ಆಕಳಿಕೆ ಬಿಡದೆ ಬಂತು, ಹಿಂದಿನ ಒಂದೆರಡು ಕಿ.ಮೀ. ನೆನಪೇ ಇಲ್ಲ ಅನ್ನಿಸಿತು ಎಂದರೆ ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿ. ಒಂದು ಕಾಫಿ ಕುಡಿದು ತಕ್ಷಣ ಇಪ್ಪತ್ತು ನಿಮಿಷ ಮಲಗಿ. ಕಾಫಿ ತಲೆಗೇರಲು ಅಷ್ಟೇ ಹೊತ್ತು ಬೇಕು, ಏಳುವಾಗ ಎರಡರ ಲಾಭವೂ ಸಿಗುತ್ತದೆ. ಅಷ್ಟಕ್ಕೂ ಹೋಗದಿದ್ದರೆ ಸ್ಟೇರಿಂಗ್ ಬೇರೆಯವರಿಗೆ ಕೊಡಿ, ಇಲ್ಲವೇ ಅಲ್ಲೇ ರೂಮು ಮಾಡಿ. ಎಚ್ಚರ ಚೆನ್ನಾಗಿದ್ದರೂ ಎರಡು ಗಂಟೆಗೊಮ್ಮೆ ಇಳಿದು ಹಿಮ್ಮಡಿ ಎತ್ತಿ ಇಳಿಸುತ್ತಾ ಸ್ವಲ್ಪ ಓಡಾಡಿ. ಹೊನ್ನಾವರದಿಂದ ಬರುವವರು ಗೇರುಸೊಪ್ಪೆ ಘಾಟಿಯನ್ನು ಬೆಳಕಿರುವಾಗಲೇ ಹತ್ತಿ ಮುಗಿಸಿ.

ಖರ್ಚಿನ ಮಾತು. ಹೆದ್ದಾರಿಯಲ್ಲಿ ಪದೇ ಪದೇ ಓಡಾಡುವುದಾದರೆ ಖಾಸಗಿ ಕಾರಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಒಳ್ಳೆಯದು. 2025ರ ಆಗಸ್ಟ್ 15ರಂದು ಶುರುವಾದಾಗ ಅದರ ಬೆಲೆ 3,000 ರೂಪಾಯಿ, ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅಲ್ಲಿಯವರೆಗೆ. ರಾಜ್ಯ ಹೆದ್ದಾರಿಯ ಟೋಲ್‌ಗೆ ನಡೆಯುವುದಿಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರು ಕೆಟ್ಟರೆ 1033, ಅಪಘಾತವಾದರೆ 112.

ಹಿನ್ನೀರಿನ ಉಪ್ಪು ನೀರು ಕಂಡ ಪಟ್ಟಿ, ಬಕಲ್, ರ‍್ಯಾಕ್ ಬೋಲ್ಟ್‌ಗಳನ್ನು ಅವತ್ತೇ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬಕಲ್ ತುಕ್ಕು ಹಿಡಿದರೆ ಪಟ್ಟಿ ಬಿಗಿಯೂ ಆಗುವುದಿಲ್ಲ, ಬಿಚ್ಚಲೂ ಬರುವುದಿಲ್ಲ. ಟೈರ್ ಗಾಳಿಯನ್ನು ಮುಂದಿನ ಸಲ ಹೊರಡುವ ಮೊದಲು, ಟೈರ್ ತಣ್ಣಗಿದ್ದಾಗ ನೋಡಿಸಿ.