ಜರ್ಮನಿಯ ಮಕ್ಕಳ ಕ್ರೀಡಾ ಕ್ಲಬ್ಬಿನಲ್ಲಿ ಕೋಚ್ ಆಗುವ ಪೋಷಕರು: ತರಬೇತಿಯ ಖರ್ಚು ಯಾರ ತಲೆಯ ಮೇಲೆ?

ಜರ್ಮನಿಯಲ್ಲಿ ನೆಲೆಸಿ ಮಗುವನ್ನು ಊರಿನ ಫುಟ್‌ಬಾಲ್, ಹ್ಯಾಂಡ್‌ಬಾಲ್ ಅಥವಾ ಜಿಮ್ನಾಸ್ಟಿಕ್ಸ್ ಕ್ಲಬ್ಬಿಗೆ ಸೇರಿಸಿದ ಕನ್ನಡಿಗ ಪೋಷಕರಿಗೆ, ಒಂದೆರಡು ಹಂಗಾಮು ಕಳೆಯುವಷ್ಟರಲ್ಲಿ, ಆರು ವರ್ಷದವರ ಗುಂಪಿಗೆ ಕೋಚ್ ಇಲ್ಲ, ನೀವು ಬರುತ್ತೀರಾ ಎಂಬ ಕೇಳಿಕೆ ಬರುವುದುಂಟು. ಬೆಂಗಳೂರಿನಲ್ಲಿ ಬೇಸಿಗೆ ಶಿಬಿರಕ್ಕೆ ಶುಲ್ಕ ಕಟ್ಟಿ, ಸಂಬಳದ ಕೋಚ್ ಕೈಗೆ ಮಗುವನ್ನು ಒಪ್ಪಿಸಿ ಅಭ್ಯಾಸವಾದವರಿಗೆ ಇದು ವಿಚಿತ್ರವೆನಿಸುತ್ತದೆ. ಅದಕ್ಕಿಂತ ವಿಚಿತ್ರವೆನಿಸುವುದು ಮುಂದಿನ ಮಾತು: ಬರುವುದಾದರೆ ಒಂದು ತರಬೇತಿ ಮುಗಿಸಿದರೆ ಒಳ್ಳೆಯದು, ಅದಕ್ಕೆ ಕೆಲವು ನೂರು ಯೂರೋ ಶುಲ್ಕವಿದೆ. ಬಿಟ್ಟಿ ದುಡಿಯುವವನೇ ದುಡಿಯುವುದಕ್ಕೆ ಹಣವನ್ನೂ ಕಟ್ಟಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕಟ್ಟಬೇಕಾಗಿಲ್ಲ, ಕಟ್ಟಲೂಬಾರದು ಎಂಬುದು ನನ್ನ ಅಭಿಪ್ರಾಯ. ಆದರೆ ಹಾಗೆಂದು ಹೇಳುವ ಮೊದಲು ಇಲ್ಲಿನ ವ್ಯವಸ್ಥೆಯಲ್ಲಿ ಹಣ ಯಾವ ದಾರಿಯಲ್ಲಿ ಹರಿಯುತ್ತದೆ ಎಂಬುದನ್ನು ತಿಳಿದುಕೊಂಡಿರಬೇಕು.

ಇಲ್ಲಿ ಕ್ಲಬ್ ಎಂದರೆ ಫೆರೈನ್, ಅಂದರೆ ಸದಸ್ಯರೇ ಒಡೆಯರಾಗಿರುವ ಸಂಘ. ಕನಿಷ್ಠ 7 ಮಂದಿ ಸೇರಿದರೆ ಸ್ಥಳೀಯ ನ್ಯಾಯಾಲಯವಾದ ಆಮ್ಟ್ಸ್‌ಗೆರಿಷ್ಟ್‌ನಲ್ಲಿ ಅದನ್ನು ನೋಂದಾಯಿಸಬಹುದು. ಸಾರ್ವಜನಿಕ ಹಿತದ ಸಂಸ್ಥೆಯೆಂದು ತೆರಿಗೆ ಕಚೇರಿ ಒಪ್ಪಿದರೆ ತೆರಿಗೆ ವಿನಾಯಿತಿಯೂ ಸಿಗುತ್ತದೆ. ದೇಶದಲ್ಲಿ ಇಂಥ ಕ್ರೀಡಾ ಸಂಘಗಳು ಸುಮಾರು 86,000 ಇವೆ. ಇವುಗಳ ಮೇಲೆ 16 ರಾಜ್ಯಗಳ ಕ್ರೀಡಾ ಒಕ್ಕೂಟಗಳು, ಎಲ್ಲಕ್ಕೂ ಮೇಲೆ 2006ರಲ್ಲಿ ಎರಡು ಹಳೆಯ ಸಂಸ್ಥೆಗಳು ಒಂದಾಗಿ ಹುಟ್ಟಿದ ಜರ್ಮನ್ ಒಲಿಂಪಿಕ್ ಕ್ರೀಡಾ ಒಕ್ಕೂಟ, ಅಂದರೆ ಡಿಒಎಸ್‌ಬಿ ಇದೆ. ಮಗುವಿನ ವಾರ್ಷಿಕ ಸದಸ್ಯತ್ವ ಶುಲ್ಕ ಅಷ್ಟು ಕಡಿಮೆ ಇರುವುದಕ್ಕೆ ಮುಖ್ಯ ಕಾರಣ, ಮೈದಾನದಲ್ಲಿ ನಿಲ್ಲುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಪೋಷಕರು, ಹಳೆಯ ಆಟಗಾರರು, ಕಾಲೇಜಿನ ಹುಡುಗ ಹುಡುಗಿಯರು. ನಾವು ಗ್ರಾಹಕರಲ್ಲ, ಸದಸ್ಯರು ಎಂಬುದನ್ನು ಮನಗಾಣದೆ ಹೋದರೆ ಇಲ್ಲಿನ ಯಾವ ಲೆಕ್ಕವೂ ಅರ್ಥವಾಗುವುದಿಲ್ಲ.

ಮಕ್ಕಳಿಗೆ ಆಟ ಕಲಿಸಲು ಪರವಾನಗಿ ಇರಲೇಬೇಕೆಂಬ ಸಾಮಾನ್ಯ ಕಾನೂನು ಇಲ್ಲ. ಡಿಒಎಸ್‌ಬಿಯ ಮೊದಲ ಹಂತದ ಸಿ-ಪರವಾನಗಿಗೆ 45 ನಿಮಿಷಗಳ ಕನಿಷ್ಠ 120 ಪಾಠಗಳು ಬೇಕು, ಅಂದರೆ 90 ಗಂಟೆ. ಅದು ಸಾಮಾನ್ಯವಾಗಿ ಹಲವು ವಾರಾಂತ್ಯಗಳಾಗಿ, ಇಲ್ಲವೇ ಕ್ರೀಡಾ ಶಾಲೆಯಲ್ಲಿ ಉಳಿದುಕೊಳ್ಳುವ ಇಡೀ ವಾರಗಳಾಗಿ ಹಂಚಿರುತ್ತದೆ. ಜೊತೆಗೆ ಪ್ರಥಮ ಚಿಕಿತ್ಸೆಯ ಕೋರ್ಸಿನ ಪ್ರಮಾಣಪತ್ರವನ್ನು ತೋರಿಸಬೇಕು. ಪರವಾನಗಿ ಸಾಮಾನ್ಯವಾಗಿ ನಾಲ್ಕು ವರ್ಷ ನಡೆಯುತ್ತದೆ; ನವೀಕರಣಕ್ಕೆ ಕನಿಷ್ಠ 15 ಪಾಠಗಳ ಮರುತರಬೇತಿ ಬೇಕು. ಅಷ್ಟು ದೂರ ಹೋಗಲು ಮನಸ್ಸಿಲ್ಲದವರಿಗೆ ಜರ್ಮನ್ ಫುಟ್‌ಬಾಲ್ ಒಕ್ಕೂಟ 20 ಪಾಠಗಳ ಮಕ್ಕಳ ತರಬೇತುದಾರ ಪ್ರಮಾಣಪತ್ರವೊಂದನ್ನು ನಡೆಸುತ್ತದೆ. ಮೊದಲ ಸಲ ಮೈದಾನಕ್ಕೆ ಇಳಿಯುವ ತಂದೆ ತಾಯಂದಿರಿಗೆ ಅದು ಧಾರಾಳ ಸಾಕು.

ಈಗ ಹಣದ ವಿಷಯ. ಪರವಾನಗಿ ನಿಮ್ಮ ಹೆಸರಿನಲ್ಲಿದ್ದರೂ ಅದರಿಂದ ಪ್ರತಿವರ್ಷ ಹಣ ಬರುವುದು ಕ್ಲಬ್ಬಿನ ಖಾತೆಗೆ. ಬವೇರಿಯಾ ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ. ಅಲ್ಲಿನ ರಾಜ್ಯ ಸರ್ಕಾರ ಕ್ಲಬ್ಬುಗಳಿಗೆ ಕೊಡುವ ಫೆರೈನ್ಸ್‌ಪೌಷಾಲೆ ಎಂಬ ವಾರ್ಷಿಕ ಸಹಾಯಧನವನ್ನು ಅಂಕಗಳ ಮೇಲೆ ಲೆಕ್ಕ ಹಾಕುತ್ತಾರೆ: ವಯಸ್ಕ ಸದಸ್ಯನಿಗೆ 1 ಅಂಕ, 26 ವರ್ಷದವರೆಗಿನ ಮಕ್ಕಳಿಗೂ ಯುವಕರಿಗೂ ತಲಾ 10 ಅಂಕ, ಚಾಲ್ತಿಯಲ್ಲಿರುವ ಒಂದು ತರಬೇತುದಾರ ಪರವಾನಗಿಗೆ 650 ಅಂಕ. ಅಂದರೆ ಪರವಾನಗಿ ಪಡೆದ ಒಬ್ಬ ಕೋಚ್ ಸಹಾಯಧನದ ಲೆಕ್ಕದಲ್ಲಿ 65 ಮಕ್ಕಳಿಗೆ ಸಮ. ಒಂದು ಅಂಕದ ಬೆಲೆ ವರ್ಷದ ಬಜೆಟ್ ನೋಡಿಕೊಂಡು ಬದಲಾಗುತ್ತದೆ; ಉದಾಹರಣೆಗೆ 30 ಸೆಂಟ್ ಎಂದು ಹಿಡಿದರೆ ಒಂದು ಪರವಾನಗಿಯಿಂದ ಕ್ಲಬ್ಬಿಗೆ ವರ್ಷಕ್ಕೆ 195 ಯೂರೋ, ನಾಲ್ಕು ವರ್ಷಕ್ಕೆ 780 ಯೂರೋ ಬಂದಂತಾಯಿತು. ಒಂದೇ ಪರವಾನಗಿಯನ್ನು ಎರಡು ಕ್ಲಬ್ಬುಗಳು ಹಂಚಿಕೊಂಡರೆ ತಲಾ 325 ಅಂಕ. ಬಾಡೆನ್-ವುರ್ಟೆಂಬರ್ಗ್‌ನಲ್ಲಿ ರೀತಿ ಬೇರೆ. ಸ್ಟುಟ್‌ಗಾರ್ಟ್ ಕಡೆಯ ಕ್ಲಬ್ಬುಗಳಿಗೆ ಪರವಾನಗಿ ಇರುವ ಕೋಚ್ ನಡೆಸಿದ ಗಂಟೆಗಳ ಮೇಲೆ ಸಹಾಯಧನ ಸಿಗುತ್ತದೆ. ರಾಜ್ಯ ಯಾವುದೇ ಆಗಿರಲಿ, ನಿಮ್ಮ ಪರವಾನಗಿಯಿಂದ ಕ್ಲಬ್ಬಿಗೆ ಎಷ್ಟು ಬರುತ್ತದೆ ಎಂದು ಖಜಾಂಚಿಯನ್ನು ಕೇಳುವುದರಲ್ಲಿ ಸಂಕೋಚ ಬೇಡ. ಅದು ಗುಟ್ಟಿನ ವಿಷಯವಲ್ಲ.

ಆದಾಯ ಯಾರಿಗೋ ಖರ್ಚೂ ಅವರಿಗೇ ಎಂಬ ನ್ಯಾಯವನ್ನು ಒಪ್ಪುವುದಾದರೆ ಶುಲ್ಕವನ್ನು ಕ್ಲಬ್ಬೇ ಕಟ್ಟಬೇಕು. ಅದರಲ್ಲೂ ನೀವು ಮೊದಲು ಕಟ್ಟಿ, ರಸೀದಿ ಕೊಟ್ಟು, ತಿಂಗಳುಗಟ್ಟಲೆ ಕಾಯುವ ಕ್ರಮಕ್ಕಿಂತ ಕ್ಲಬ್ಬಿನ ಹೆಸರಿಗೇ ಬಿಲ್ ಹೋಗುವ ಕ್ರಮ ಎಷ್ಟೋ ಮೇಲು. ಪ್ರಯಾಣ, ವಸತಿ, ಪುಸ್ತಕಗಳ ಖರ್ಚು ಒಳಗೊಂಡಿದೆಯೇ ಎಂಬುದನ್ನು ಮೊದಲೇ ಬರಹದಲ್ಲಿ ಪಡೆಯಿರಿ. ಮೈದಾನದ ಬದಿಯಲ್ಲಿ ಯಾರೋ ಆಡಿದ ಭರವಸೆಯ ಮಾತಿಗೆ ಮುಂದಿನ ಆಡಳಿತ ಮಂಡಳಿ ಬದ್ಧವಾಗಬೇಕಾಗಿಲ್ಲ.

ಕ್ಲಬ್ಬಿನ ಕಡೆಯ ಅಳುಕನ್ನೂ ಅಲ್ಲಗಳೆಯುವಂತಿಲ್ಲ. ಮಗು ಆಟ ಬಿಟ್ಟ ದಿನವೇ ಅಪ್ಪನೂ ಕೋಚಿಂಗ್ ಬಿಡುತ್ತಾನೆ ಎಂಬುದು ಅವರ ಅನುಭವ. ಐಟಿ ಕೆಲಸದಲ್ಲಿರುವ ನಮ್ಮಂಥವರು ಇನ್ನೊಂದು ನಗರಕ್ಕೋ ಊರಿಗೋ ಹೊರಟುಬಿಡುತ್ತಾರೆ ಎಂಬ ಅನುಮಾನವೂ ಇರಬಹುದು. ಆದ್ದರಿಂದ ಶುಲ್ಕ ಕೊಡುವಾಗ ಎರಡು ವರ್ಷ ಇರುತ್ತೇನೆಂದು ಬರೆದುಕೊಡಿ, ಬಿಟ್ಟರೆ ಉಳಿದ ತಿಂಗಳುಗಳ ಪಾಲನ್ನು ಹಿಂದಿರುಗಿಸಿ ಎಂದು ಕ್ಲಬ್ ಕೇಳಬಹುದು. ಪಾಲು ತಿಂಗಳಿಂದ ತಿಂಗಳಿಗೆ ಇಳಿಯುತ್ತಾ ಹೋಗುವುದಾದರೆ, ಕಾಯಿಲೆ ಮತ್ತು ವರ್ಗಾವಣೆಗೆ ವಿನಾಯಿತಿ ಇದ್ದರೆ, ಅದಕ್ಕೆ ಸಹಿ ಹಾಕುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಬಿಟ್ಟರೆ ಪೂರ್ತಿ ಹಣ ಕಟ್ಟಬೇಕು ಎಂಬ ಷರತ್ತಿಗೆ ಮಾತ್ರ ಒಪ್ಪಬೇಡಿ. ನಮ್ಮಲ್ಲಿ ಹಣವೇ ಇಲ್ಲ ಎನ್ನುವ ಸಣ್ಣ ಕ್ಲಬ್ಬಿಗೆ ಉತ್ತರ ಸರಳ: 40 ಮಕ್ಕಳಿರುವ ವಿಭಾಗದಲ್ಲಿ 400 ಯೂರೋ ಶುಲ್ಕವನ್ನು ಹಂಚಿದರೆ ಒಂದು ಮಗುವಿಗೆ ಒಂದೇ ಸಲದ 10 ಯೂರೋ ಬೀಳುತ್ತದೆ. ಒಬ್ಬ ಪೋಷಕ ಹೊರುವುದಕ್ಕಿಂತ 40 ಮನೆಯವರು ಹೊರುವುದು ನ್ಯಾಯ.

ಹಣಕ್ಕಿಂತ ದೊಡ್ಡ ಖರ್ಚು ಸಮಯದ್ದು. 90 ಗಂಟೆಗಳಲ್ಲಿ ಉದ್ಯೋಗದಾತನಿಗೂ ಪಾಲಿದೆ ಎಂದು ಹಲವು ರಾಜ್ಯಗಳ ಕಾನೂನು ಒಪ್ಪುತ್ತದೆ, ಇದು ನಮ್ಮವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಬಿಲ್ಡುಂಗ್ಸ್‌ಉರ್ಲೌಬ್ ಎಂಬ ಸಂಬಳಸಹಿತ ಶಿಕ್ಷಣ ರಜೆ ಉಂಟು, ಸಾಮಾನ್ಯವಾಗಿ ವರ್ಷಕ್ಕೆ ಐದು ದಿನ. ಕೋರ್ಸಿಗೆ ಆ ರಾಜ್ಯದ ಮಾನ್ಯತೆ ಇರಬೇಕು. ಹೆಸ್ಸೆ ರಾಜ್ಯದಲ್ಲಿ, ಅಂದರೆ ಫ್ರಾಂಕ್‌ಫರ್ಟ್ ಸುತ್ತಮುತ್ತಲಿನ ಕನ್ನಡಿಗರಿಗೆ, ಮಕ್ಕಳ ಮತ್ತು ಯುವಜನರ ನಡುವಿನ ಸ್ವಯಂಸೇವೆಗೆ ವರ್ಷಕ್ಕೆ 12 ದಿನಗಳವರೆಗೆ ಸಂಬಳಸಹಿತ ರಜೆಯ ಅವಕಾಶವಿದೆ. ಸಂಬಳದ ಹೊರೆಯನ್ನು ರಾಜ್ಯ ಸರ್ಕಾರ ಕಂಪನಿಗೆ ತುಂಬಿಕೊಡುತ್ತದೆ. ಬವೇರಿಯಾದಲ್ಲಿ ಶಿಕ್ಷಣ ರಜೆ ಇಲ್ಲ. ಯುವಜನ ಸೇವೆಗೆ ಬಿಡುವು ಕೇಳುವ ಹಕ್ಕು ಅಲ್ಲಿಯೂ ಇದೆ, ಆದರೆ ಆ ದಿನಗಳ ಸಂಬಳ ಕೊಡಲು ಕಂಪನಿ ಬದ್ಧವಲ್ಲ. ಕ್ರೀಡೆಗೆ ಇಷ್ಟು ಖರ್ಚು ಮಾಡುವ ಶ್ರೀಮಂತ ರಾಜ್ಯ ಈ ಒಂದು ವಿಷಯದಲ್ಲಿ ಕೈ ಬಿಗಿ ಹಿಡಿದಿರುವುದು ನನಗೆ ಅಚ್ಚರಿಯ ಸಂಗತಿ.

ತೆರಿಗೆಯ ವಿಷಯದಲ್ಲಿ ಒಂದು ಗೊಂದಲ ವ್ಯಾಪಕವಾಗಿದೆ. ಊಬುಂಗ್ಸ್‌ಲೈಟರ್‌ಪೌಷಾಲೆ ಎಂದರೆ ಸರ್ಕಾರ ಕೋಚ್‌ಗಳಿಗೆ ಕೊಡುವ ಹಣ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಕ್ಲಬ್ ನಿಮಗೆ ಏನಾದರೂ ಸಂಭಾವನೆ ಕೊಟ್ಟರೆ ಎಷ್ಟರ ಮಟ್ಟಿಗೆ ತೆರಿಗೆ ಬೀಳುವುದಿಲ್ಲ ಎಂಬ ಮಿತಿ ಅದು. 2021ರಿಂದ ವರ್ಷಕ್ಕೆ 3,000 ಯೂರೋ ಇದ್ದದ್ದು 2026ರಿಂದ 3,300 ಯೂರೋ ಆಗಿದೆ. ಕ್ಲಬ್ ಒಂದು ಪೈಸೆಯನ್ನೂ ಕೊಡದಿದ್ದರೆ ಆ ಮಿತಿಯಿಂದ ನಿಮಗೆ ಲಾಭವೂ ಇಲ್ಲ. ಪೌಷಾಲೆ ಸಿಗುತ್ತದಲ್ಲ, ಅದರಲ್ಲೇ ಕೋರ್ಸಿನ ಶುಲ್ಕ ಕಟ್ಟಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಅವರು ಎರಡು ಬೇರೆ ವಿಷಯಗಳನ್ನು ಗಂಟು ಹಾಕುತ್ತಿದ್ದಾರೆ: ಒಂದು ಕೆಲಸದ ಸಂಭಾವನೆ, ಇನ್ನೊಂದು ಕ್ಲಬ್ಬಿಗಾಗಿ ಮಾಡಿದ ಖರ್ಚು. ಹಣ ವಾಪಸ್ ಬೇಡ, ಕ್ಲಬ್ಬಿಗೇ ಇರಲಿ ಎನ್ನುವ ಉದಾರಿಗಳೂ ಅದನ್ನು ದಾನವೆಂದು ತೆರಿಗೆ ವಿವರದಲ್ಲಿ ತೋರಿಸಬಹುದು. ಆದರೆ ಖರ್ಚು ಪಡೆಯುವ ಹಕ್ಕು ಮೊದಲೇ ಲಿಖಿತವಾಗಿ ಸ್ಥಾಪಿತವಾಗಿರಬೇಕು, ಕ್ಲಬ್ಬಿಗೆ ನಿಜಕ್ಕೂ ಕೊಡುವ ಶಕ್ತಿ ಇರಬೇಕು, ಬಿಟ್ಟುಕೊಡುವ ಮಾತನ್ನು ತಡಮಾಡದೆ ತಿಳಿಸಿರಬೇಕು.

ನಮ್ಮವರು ವಿಶೇಷವಾಗಿ ನೋಡಿಕೊಳ್ಳಬೇಕಾದದ್ದು ವಾಸ ಪರವಾನಗಿಯ ಷರತ್ತು. ಬರೀ ಸ್ವಯಂಸೇವೆಗೆ, ನಿಜವಾದ ಖರ್ಚನ್ನು ಹಿಂಪಡೆಯುವುದಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ. ಗಂಟೆಗೆ ಇಷ್ಟು ಎಂದು ಸಂಭಾವನೆ ಪಡೆಯಲು ಶುರು ಮಾಡಿದರೆ ಅದನ್ನು ಸ್ವತಂತ್ರ ಉದ್ಯೋಗವೆಂದು ಪರಿಗಣಿಸುವ ಸಾಧ್ಯತೆ ಇದೆ. ಕಾರ್ಡಿನ ಜೊತೆ ಕೊಟ್ಟಿರುವ ಹಾಳೆಯಲ್ಲಿ ಸ್ವತಂತ್ರ ಉದ್ಯೋಗಕ್ಕೆ ಅನುಮತಿ ಇಲ್ಲವೆಂದು ಬರೆದಿದ್ದರೆ ಹಣ ಮುಟ್ಟುವ ಮೊದಲು ವಿದೇಶಿಯರ ಕಚೇರಿಗೆ ಬರೆದು ಲಿಖಿತ ಉತ್ತರ ಪಡೆಯಿರಿ. ವಿದ್ಯಾರ್ಥಿಗಳಿಗೂ ಇದೇ ಮಾತು. ಸಂಗಾತಿಯ ವೀಸಾದಲ್ಲಿ ಬಂದವರ ಹಾಳೆಯಲ್ಲಿ ಸಾಮಾನ್ಯವಾಗಿ ಎಲ್ಲ ಬಗೆಯ ಉದ್ಯೋಗಕ್ಕೂ ಅನುಮತಿ ಇರುತ್ತದೆ.

ಮಕ್ಕಳೊಡನೆ ಕೆಲಸ ಮಾಡುವವರಿಂದ ಕ್ಲಬ್ ಕೇಳುವ ವಿಸ್ತೃತ ನಡತೆ ಪ್ರಮಾಣಪತ್ರಕ್ಕೆ ಮಾಮೂಲಿ ಶುಲ್ಕ 13 ಯೂರೋ. ಸ್ವಯಂಸೇವಕನೆಂದು ಕ್ಲಬ್ ಬರೆದುಕೊಟ್ಟ ಪತ್ರವನ್ನು ನಗರಾಡಳಿತದ ಕೌಂಟರಿನಲ್ಲಿ ತೋರಿಸಿದರೆ ಅದು ಉಚಿತ.

ಕ್ರಿಕೆಟ್ ಕಲಿಸುವ ಆಸೆಯಿರುವ ಕನ್ನಡಿಗರು ಬಹಳ ಮಂದಿ. ಅವರಿಗೆ ನನ್ನ ಸಲಹೆ ಏನೆಂದರೆ, ಆಟದ ಕೋರ್ಸಿಗೆ ಹಣ ಕಟ್ಟಿಸುವ ಮೊದಲು ಆ ಪ್ರಮಾಣಪತ್ರಕ್ಕೆ ರಾಜ್ಯದ ಕ್ರೀಡಾ ಒಕ್ಕೂಟ ಸಹಾಯಧನದ ಲೆಕ್ಕದಲ್ಲಿ ಮಾನ್ಯತೆ ಕೊಡುತ್ತದೆಯೇ ಎಂದು ವಿಚಾರಿಸಿ. ಕೊಡದಿದ್ದರೆ ಒಕ್ಕೂಟವೇ ನಡೆಸುವ, ಯಾವ ಒಂದು ಆಟಕ್ಕೂ ಕಟ್ಟುಬೀಳದ ಊಬುಂಗ್ಸ್‌ಲೈಟರ್ ಸಿ-ಪರವಾನಗಿಯನ್ನು ಮೊದಲು ಮುಗಿಸುವುದು ಜಾಣತನ. ಮಕ್ಕಳ ಬೆಳವಣಿಗೆ, ಗಾಯಗಳ ತಡೆ, ಗುಂಪನ್ನು ನಡೆಸುವ ರೀತಿ ಎಲ್ಲವೂ ಅದರಲ್ಲಿ ಇರುತ್ತದೆ. ಪಾಠ ಜರ್ಮನ್ ಭಾಷೆಯಲ್ಲಿ ಎಂಬುದೊಂದು ಕಷ್ಟ, ಆದರೆ ಮೈದಾನದ ಜರ್ಮನ್ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿಯೂ ನನಗೆ ಕಾಣದು.

ಇಷ್ಟನ್ನೆಲ್ಲ ಕೇಳುವ ಸರಿಯಾದ ಜಾಗ ಸದಸ್ಯರ ವಾರ್ಷಿಕ ಸಭೆ. ಬಜೆಟ್‌ನಲ್ಲಿ ತರಬೇತಿಗೆ ಒಂದು ಮೊತ್ತವನ್ನು ಹೆಸರಿಸಿ ಎಂದು ಮೊದಲೇ ಲಿಖಿತ ಸೂಚನೆ ಕೊಟ್ಟರೆ ಅದು ಚರ್ಚೆಗೆ ಬರುತ್ತದೆ. ಸೂಚನೆಗೆ ಎಷ್ಟು ದಿನ ಮುಂಚೆ ಗಡುವು, ಚಿಕ್ಕ ಮಕ್ಕಳ ಪರವಾಗಿ ಪೋಷಕರಿಗೆ ಮತ ಉಂಟೇ ಎಂಬುದು ಕ್ಲಬ್ಬಿನ ಸಾಟ್ಸುಂಗ್, ಅಂದರೆ ನಿಯಮಾವಳಿಯಲ್ಲಿ ಬರೆದಿರುತ್ತದೆ. ಬವೇರಿಯಾದವರು ಕೋರ್ಸನ್ನು ಚಳಿಗಾಲಕ್ಕೆ ಮೊದಲೇ ಮುಗಿಸುವಂತೆ ನೋಡಿಕೊಳ್ಳಿ. ಸಹಾಯಧನದ ಅರ್ಜಿಗೆ ಮಾರ್ಚ್ 1 ಕೊನೆಯ ದಿನ. ಆ ದಿನಾಂಕ ತಪ್ಪಿದರೆ ನಿಮ್ಮ ಪರವಾನಗಿಯ 650 ಅಂಕ ಮುಂದಿನ ವರ್ಷದ ಲೆಕ್ಕಕ್ಕೆ ಹೋಗುತ್ತದೆ, ಶುಲ್ಕ ಕಟ್ಟಿದ ಖಜಾಂಚಿಗೆ ಅಲ್ಲಿಯವರೆಗೆ ನಿಮ್ಮ ಕೋರ್ಸ್ ಬರೀ ಖರ್ಚಾಗಿಯೇ ಕಾಣುತ್ತದೆ.