ಮಕ್ಕಳ ಯುವಿಯೈಟಿಸ್ ಹನಿಮದ್ದಿಗೆ ಬಗ್ಗದಿದ್ದಾಗ

ಕೀಲುವಾತವಿರುವ ಮಕ್ಕಳಿಗೆ ಬರುವ ಯುವಿಯೈಟಿಸ್, ಅಂದರೆ ಕಣ್ಣಿನೊಳಗಿನ ಉರಿಯೂತ, ಸದ್ದಿಲ್ಲದೆ ಕಣ್ಣು ತಿನ್ನುತ್ತದೆ. ಸಾಮಾನ್ಯವಾಗಿ ಕಣ್ಣು ಕೆಂಪಾಗುವುದಿಲ್ಲ, ನೋವೂ ಇರುವುದಿಲ್ಲ. ಮಗು ಆಡಿಕೊಂಡಿರುವಾಗಲೇ ಒಳಗೆ ಪಾಪೆಯ ಅಂಚು ಲೆನ್ಸಿಗೆ ಅಂಟಿಕೊಳ್ಳುತ್ತಿರುತ್ತದೆ. ಒಳಗಿನ ಉರಿಯೂತ ತಿಳಿಯುವುದು ಕಣ್ಣಿನ ವೈದ್ಯರು ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ. ಕಣ್ಣು ಬೆಳ್ಳಗಿದೆಯಲ್ಲ ಅಂತ ತಪಾಸಣೆಯ ದಿನ ತಪ್ಪಿಸಬೇಡಿ.

ಹನಿಮದ್ದು ಕೆಲಸ ಮಾಡುತ್ತಿಲ್ಲ ಎನ್ನುವ ಮೊದಲು ಹಾಕುವ ಕ್ರಮ ನೋಡಿ. ಇದಕ್ಕೆ ಕೊಡುವ ಸ್ಟೀರಾಯ್ಡ್ ಹನಿ ಪ್ರೆಡ್ನಿಸೊಲೋನ್ ಅಸಿಟೇಟ್ 1% ಬಾಟಲಿಯ ತಳದಲ್ಲಿ ಬಿಳಿ ಮದ್ದು ಕೂತಿರುತ್ತದೆ. ಚೆನ್ನಾಗಿ ಕುಲುಕದಿದ್ದರೆ ಕಣ್ಣಿಗೆ ಬೀಳುವುದು ಹೆಚ್ಚುಕಮ್ಮಿ ನೀರೇ. ಒಂದೇ ಹನಿ ಸಾಕು. ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿಹಿಡಿಯಿರಿ. ಇನ್ನೊಂದು ಮದ್ದಿಗೆ 5 ನಿಮಿಷ ಬಿಡಿ. ಮಗು ಕಣ್ಣು ಬಿಡದೆ ಹಟ ಮಾಡಿದರೆ ಅಂಗಾತ ಮಲಗಿಸಿ, ಮುಚ್ಚಿದ ಕಣ್ಣಿನ ಒಳಮೂಲೆಗೆ ಹನಿ ಬಿಡಿ. ರೆಪ್ಪೆ ತೆರೆದಾಗ ಅದೇ ಒಳಗಿಳಿಯುತ್ತದೆ.

ಇಷ್ಟಾದರೂ 3 ತಿಂಗಳಲ್ಲಿ ಹನಿ ನಿಲ್ಲಿಸಲಾಗದಿದ್ದರೆ, ವರ್ಷಗಟ್ಟಲೆ ಸ್ಟೀರಾಯ್ಡ್ ಹಾಕುತ್ತ ಕೂರುವುದು ತಪ್ಪು. ಕಣ್ಣಿನ ಪೊರೆ, ಗ್ಲಾಕೋಮಾ (ಕಣ್ಣೊಳಗಿನ ಒತ್ತಡ ಏರಿ ನರ ಹಾಳಾಗುವುದು) ಎರಡಕ್ಕೂ ಅದೇ ದಾರಿ. ಆದರೆ ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ, ಉರಿಯೂತ ಮರುಕಳಿಸುತ್ತದೆ.

ಮುಂದಿನ ಮೆಟ್ಟಿಲು ಮೆಥೊಟ್ರೆಕ್ಸೇಟ್, ರೋಗನಿರೋಧಕ ಶಕ್ತಿಯ ಅತಿರೇಕ ತಗ್ಗಿಸುವ ಮದ್ದು. ಪ್ರಮಾಣವನ್ನು ಮೈಯ ವಿಸ್ತೀರ್ಣ ಲೆಕ್ಕ ಹಾಕಿ ವೈದ್ಯರೇ ಬರೆಯುತ್ತಾರೆ, ಸಾಮಾನ್ಯವಾಗಿ ಚದರ ಮೀಟರಿಗೆ 10–15 ಮಿ.ಗ್ರಾಂ. ಇದು ವಾರಕ್ಕೆ ಒಂದೇ ಸಲ. ದಿನಾ ಕೊಟ್ಟರೆ ಅಸ್ಥಿಮಜ್ಜೆ ಸೋತು ಜೀವಕ್ಕೇ ಅಪಾಯ. ಕ್ಯಾಲೆಂಡರಿನಲ್ಲಿ ವಾರ ಗುರುತಿಸಿಡಿ. ಶನಿವಾರ ರಾತ್ರಿ ಕೊಟ್ಟರೆ ವಾಕರಿಕೆ ಶಾಲೆಯ ದಿನಕ್ಕೆ ತಾಗುವುದಿಲ್ಲ. ಜೊತೆಗೆ ಫೋಲಿಕ್ ಆಮ್ಲ, ಹೇಳಿದ ದಿನಕ್ಕೆ ರಕ್ತ ಮತ್ತು ಲಿವರ್ ಪರೀಕ್ಷೆ. ಗುಣ ಕಾಣಲು ಸುಮಾರು 3 ತಿಂಗಳು ಬೇಕು.

ಅದಕ್ಕೂ ಬಗ್ಗದಿದ್ದರೆ ಅಡಲಿಮುಮ್ಯಾಬ್ ಎಂಬ, ಉರಿಯೂತ ತಡೆಯುವ ಚುಚ್ಚುಮದ್ದು ಸೇರಿಸುತ್ತಾರೆ. ಬ್ರಿಟನ್ನಿನ ಸೈಕಮೋರ್ ಅಧ್ಯಯನ 2017ರಲ್ಲಿ ಇದರ ಬಲ ತೋರಿಸಿತು: ಮೆಥೊಟ್ರೆಕ್ಸೇಟ್ ಜೊತೆ ಹುಸಿಮದ್ದು ಪಡೆದವರಲ್ಲಿ 60% ಮಕ್ಕಳಿಗೆ ಚಿಕಿತ್ಸೆ ಸೋತರೆ, ಅಡಲಿಮುಮ್ಯಾಬ್ ಪಡೆದವರಲ್ಲಿ 27%. 30 ಕಿಲೋಗಿಂತ ಕಡಿಮೆ ತೂಕಕ್ಕೆ 20 ಮಿ.ಗ್ರಾಂ, ಮೇಲಿದ್ದರೆ 40, ಎರಡು ವಾರಕ್ಕೊಮ್ಮೆ. ನಮ್ಮಲ್ಲಿ ಕ್ಷಯ ಹೆಚ್ಚು. ಎದೆಯ ಎಕ್ಸ್‌ರೇ, ಕ್ಷಯ ಪರೀಕ್ಷೆ ಆಗದೆ ಮೊದಲ ಸೂಜಿ ಬೇಡವೇ ಬೇಡ. ಮದ್ದು ಫ್ರಿಜ್ಜಿನಲ್ಲಿ 2–8 ಡಿಗ್ರಿಯಲ್ಲಿರಲಿ, ಫ್ರೀಜರಿನಲ್ಲಲ್ಲ; ಹೆಪ್ಪುಗಟ್ಟಿದ್ದನ್ನು ಬಳಸಬಾರದು. ಅರ್ಧ ಗಂಟೆ ಮುಂಚೆ ಹೊರತೆಗೆದಿಟ್ಟರೆ ಚುಚ್ಚಿದಾಗ ಉರಿ ಕಡಿಮೆ. ಜ್ವರವಿದ್ದ ದಿನ ಚುಚ್ಚಬೇಡಿ, ವೈದ್ಯರಿಗೆ ಫೋನ್ ಮಾಡಿ. ಜೀವಂತ ಲಸಿಕೆಯನ್ನೂ ಅವರನ್ನು ಕೇಳದೆ ಹಾಕಿಸಬೇಡಿ.